ಹೆಸರೆತ್ತಬಾರದ ಊರು

ಗೆಲ್ಸೆನ್‌ಕಿರ್ಖೆನ್
ಜೂನ್ ನಾಲ್ಕು, ಮಂಗಳವಾರ

ಪ್ರೀತಿಯ ಸ್ವೆನ್ಯಾ,

ನೀನೂ ಅಳಿಯ ಯೆನ್ಸ್‌ನೂ ಕ್ಷೇಮವಾಗಿದ್ದೀರಿ, ನಮ್ಮ ಹೆನ್ನರ್ ಪುಟ್ಟನ ನೆಗಡಿ ವಾಸಿಯಾಗಿದೆ ಎಂದು ನಿನ್ನಮ್ಮ ಹೇಳಿದಳು. ಸಂತೋಷ. ಈ ಕಾಗದವನ್ನು ಫೆಬ್ರವರಿಯಲ್ಲಿ, ಮಗು ಹುಟ್ಟಿದ ವಾರದಲ್ಲೇ ಬರೆಯಬೇಕಿತ್ತು. ತಡವಾದದ್ದಕ್ಕೆ ಕಾರಣ ಕೇಳಬೇಡ. ಕೇಳಿದರೆ ತೋಟದ ಕೆಲಸ ಅನ್ನುತ್ತೇನೆ, ಫೆಬ್ರವರಿಯಲ್ಲಿ ಎಂಥ ತೋಟದ ಕೆಲಸ ಎಂದು ನೀನು ಕೇಳುತ್ತೀ, ಅಲ್ಲಿಗೆ ನಾನು ಸಿಕ್ಕಿಬೀಳುತ್ತೇನೆ. ಫೋನ್ ಇರುವಾಗ ಕಾಗದ ಯಾಕೆ ಎಂದೂ ಕೇಳಬೇಡ. ಫೋನ್ ಕೈಗೆ ಬಂದರೆ ನಾನು ಮಳೆ ಬಿಸಿಲಿನ ವರದಿ ಕೊಟ್ಟು "ತಗೋ, ಅಮ್ಮಂಗೆ ಕೊಡ್ತೀನಿ" ಅನ್ನುವವನು. ಅದು ನಿನಗೂ ಗೊತ್ತು.

ಇಲ್ಲಿ ಎಲ್ಲ ಹಾಗೆಯೇ ಇದೆ. ಮೂಲಂಗಿ ಚೆನ್ನಾಗಿ ಬಂದಿದೆ. ಬಸವನಹುಳುಗಳೂ ಚೆನ್ನಾಗಿ ಬಂದಿವೆ. ನನ್ನ ಬಲಮೊಣಕಾಲು ಟ್ರಾಮ್ ಓಡಿಸುತ್ತಿದ್ದ ಕಾಲದ್ದನ್ನೆಲ್ಲ ಈಗ ನೆನಪಿಸುತ್ತಿದೆ. ನಿನ್ನಮ್ಮ ಪ್ರತಿ ಗುರುವಾರ ನಿಮ್ಮಲ್ಲಿಗೆ ಬಂದು ಹೋದಮೇಲೆ ಎರಡು ದಿನ ಮಗುವಿನ ವಿಷಯವನ್ನೇ ಹೇಳುತ್ತಾಳೆ. ನಾನು ಕೇಳಿಸಿಕೊಳ್ಳದವನಂತೆ ಪೇಪರ್ ಹಿಡಿದುಕೊಂಡು ಕೂತಿರುತ್ತೇನೆ. ಒಮ್ಮೆ ಪೇಪರನ್ನು ತಲೆಕೆಳಗಾಗಿ ಹಿಡಿದಿದ್ದೆನಂತೆ. ಅದನ್ನು ಅವಳು ಬೀದಿಗೆಲ್ಲ ಸಾರಿ ಬಂದಳು.

ಈಗ ಶನಿವಾರದ ವಿಷಯಕ್ಕೆ ಬರುತ್ತೇನೆ. ಅಂದಿನಿಂದ ನನ್ನ ತಲೆ ಕೆಟ್ಟು ಹೋಗಿದೆ, ಯಾರಿಗಾದರೂ ಹೇಳದಿದ್ದರೆ ಆಗುವುದಿಲ್ಲ.

ನಿನಗೆ ಫುಟ್‌ಬಾಲ್ ಎಂದರೆ ಅಷ್ಟಕ್ಕಷ್ಟೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ನಮ್ಮ ಊರಿನ ತಂಡ, ನಮ್ಮ ನೀಲಿಗಳು, ಇಷ್ಟು ವರ್ಷ ಮಣ್ಣು ಮುಕ್ಕಿ, ಕೆಳದರ್ಜೆಗೆ ಇಳಿದು, ಮತ್ತೆ ಹತ್ತಿ, ಈ ಸಲ ಲೀಗಿನಲ್ಲಿ ಆರನೆಯವರಾದರು. ಯುರೋಪಿನ ದೊಡ್ಡ ಕಪ್ಪಿಗೆ ಹೋಗಲು ಜಾಗ ಇರುವುದು ಮೊದಲ ಐದು ತಂಡಗಳಿಗೆ. ಐದನೆಯವರು ಯಾರು? ನಿಮ್ಮ ಊರಿನ ಹಳದಿಗಳು. ಅವರೇ ಈ ವರ್ಷ ಅದೇ ದೊಡ್ಡ ಕಪ್ಪಿನ ಫೈನಲ್ಲಿಗೂ ಬಂದು ಕೂತರು. ಅವರು ಆ ಫೈನಲ್ ಗೆದ್ದರೆ ಮುಂದಿನ ವರ್ಷ ಚಾಂಪಿಯನ್ನರೆಂದು ಬೇರೆ ಬಾಗಿಲಿನಿಂದ ಒಳಗೆ ಹೋಗುತ್ತಾರೆ, ಅವರ ಐದನೆಯ ಸ್ಥಾನ ಖಾಲಿಯಾಗುತ್ತದೆ, ಅದು ನಮಗೆ. ಸೋತರೆ ನಾವು ಚಿಕ್ಕ ಕಪ್ಪಿಗೆ. ಅಂದರೆ ನಾವು ದೊಡ್ಡವರಾಗಬೇಕಾದರೆ ಅವರು ಯುರೋಪಿಗೇ ದೊಡ್ಡವರಾಗಬೇಕು. ಇಂಥ ನಿಯಮ ಮಾಡಿದವನು ನಮ್ಮ ಕಡೆಯವನಲ್ಲ.

ಕೈತೋಟ ಸಂಘದಲ್ಲಿ ಇದರ ಬಗ್ಗೆ ಸಭೆಯೇ ನಡೆಯಿತು. ಪಕ್ಕದ ತೋಟದ ಉದೋ ನಿನಗೆ ನೆನಪಿರಬೇಕು, ನಿನಗೆ ಸೈಕಲ್ ಕಲಿಸಿದವನು. ಅವನ ನಾಯಿಗೂ ನಮ್ಮ ಸಂಘದ ಸದಸ್ಯತ್ವವಿದೆ.

"ಹಳದಿಗಳು ಗೆಲ್ಲಲಿ ಅಂತ ನಾನು ಕೂಗ್ಬೇಕಾ? ಅದಕ್ಕಿಂತ ಮಣ್ಣು ತಿಂತೀನಿ" ಎಂದು ಅವನು ಮೇಜು ಗುದ್ದಿದ.

"ತಿನ್ನು, ಯಾರ್ ಬೇಡ ಅಂದ್ರು? ಈ ಮೂವತ್ ವರ್ಷ ನೀನು ತಿಂದಿದ್ದು ಅದೇ ಅಲ್ವಾ?" ಎಂದಳು ಗಿಜೆಲಾ. ಮೂಲೆಯಲ್ಲಿ ಬಿಯರ್ ಅಂಗಡಿ ಇಟ್ಟಿರುವವಳು. ಸಂಘದ ಅಡುಗೆಯೂ ಅವಳದೇ, ಬಾಯಿಯೂ ಅವಳದೇ.

ಎರಡು ಗಂಟೆ ಕಿತ್ತಾಡಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಆಟ ನೋಡಬಹುದು. ಕೂಗಲೂಬಹುದು. ಆದರೆ ತಂಡದ ಹೆಸರಾಗಲಿ ಊರಿನ ಹೆಸರಾಗಲಿ ಬಾಯಿಗೆ ಬರಕೂಡದು. ಊರಿನ ಹೆಸರೆತ್ತದಿರುವುದು ನಮಗೇನೂ ಹೊಸದಲ್ಲ. ನನ್ನ ಅಪ್ಪನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ, "ಆ ಊರು" ಅಂದರೆ ಸಾಕು, ಬೀದಿಗೇ ಅರ್ಥವಾಗುತ್ತದೆ. ನಿನ್ನ ಮಾವ ಎಕ್‌ಹಾರ್ಡ್ ನಮ್ಮ ಊರನ್ನು "ಹೆರ್ನೆಯ ಪಶ್ಚಿಮಕ್ಕಿರೋ ಜಾಗ" ಅನ್ನುತ್ತಾರಂತೆ, ಪಕ್ಕದ ಊರಿನ ಹೆಸರು ಹಿಡಿದು. ಅದನ್ನು ಕೇಳಿದ ದಿನ ನನಗೆ ಅವರ ಮೇಲೆ ಗೌರವ ಬಂತು, ಅವರೂ ಸರಿಯಾಗಿ ಬೆಳೆದವರೇ. ನೀನು ಮದುವೆಯಾಗಿ ಹೋದ ಮೇಲೂ ನಾನು ನಿನ್ನ ಹುಟ್ಟುಹಬ್ಬದ ಕಾರ್ಡುಗಳ ಮೇಲೆ ಬೀದಿಯ ಹೆಸರು, ಪಿನ್ ಕೋಡ್ ಇಷ್ಟೇ ಬರೆದು ಕಳಿಸಿದೆ. ಎಲ್ಲವೂ ತಲುಪಿದವು. ಅಂಚೆಯವರಲ್ಲೂ ನೀಲಿಗಳಿರಬೇಕು ಎಂದು ನೀನೇ ನಗುತ್ತಿದ್ದೆ.

ಹಾಗಾದರೆ ಏನೆಂದು ಕೂಗುವುದು? ಅದನ್ನೂ ಉದೋನೇ ಹೇಳಿದ. "ಐದನೇ ಸ್ಥಾನ! ನಮಗ್ ಬೇಕಾಗಿರೋದು ಅದು ತಾನೆ? ಐದನೇ ಸ್ಥಾನಕ್ಕೆ ಜೈ ಅನ್ನೋಣ."

ಶನಿವಾರ ಸಂಜೆ ಸಂಘದ ಕೋಣೆಯನ್ನು ನೀನು ನೋಡಬೇಕಿತ್ತು. ಎಲ್ಲರ ಕೊರಳಲ್ಲೂ ನೀಲಿ ಮಫ್ಲರ್, ಎದುರಿಗೆ ಪರದೆಯ ತುಂಬ ಹಳದಿ. ಗಿಜೆಲಾ ಹಳದಿ ಸಾಸಿವೆ ಸಾಸಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಸಾಸೇಜಿಗೆ ಕೆಂಪು ಸಾಸ್ ಮಾತ್ರ. "ಕಣ್ಣಿಗ್ ಬಿದ್ದಿರೋ ಹಳದಿ ಸಾಲ್ದಾ, ಹೊಟ್ಟೆಗೂ ಬೇಕಾ?" ಎಂದಳು. ಆಟ ಶುರುವಾಯಿತು. ಅರವತ್ತು ದಾಟಿದ ಗಂಡಸರು, ಮೊಣಕಾಲು ನೋವಿನವರು, ಹೃದಯಕ್ಕೆ ಗುಳಿಗೆ ನುಂಗುವವರು, ಎಲ್ಲ ಎದ್ದು ನಿಂತು "ನಡಿ, ಐದನೇ ಸ್ಥಾನಾ! ಹೊಡಿ, ಐದನೇ ಸ್ಥಾನಾ!" ಎಂದು ಕೂಗಿದೆವು. ಹೊರಗೆ ನಾಯಿ ಕರೆದುಕೊಂಡು ಹೋಗುತ್ತಿದ್ದ ಹೆಂಗಸು ಕಿಟಕಿಯಲ್ಲಿ ಇಣುಕಿ, ಏನೂ ಅರ್ಥವಾಗದೆ ಹೋದಳು. ಒಳಗಿದ್ದ ನಮಗಾದರೂ ಎಲ್ಲಿ ಅರ್ಥವಾಗಿತ್ತು?

ಹಳದಿಗಳು ಚೆನ್ನಾಗಿ ಆಡಿದರು ಸ್ವೆನ್ಯಾ. ಇದನ್ನು ನಾನು ಬರೆಯುತ್ತಿದ್ದೇನೆ ಎಂದು ಉದೋಗೆ ಹೇಳಬೇಡ. ಎದುರಾಳಿ ಸ್ಪೇನಿನವರು ಮೊದಲರ್ಧವೆಲ್ಲ ಬೆವರು ಒರೆಸಿಕೊಂಡರು. ಚೆನ್ನಾಗಿ ಆಡಿದಷ್ಟೂ ನನಗೆ ಸಂಕಟ. ಒಮ್ಮೆ ಗೆಲ್ಲಲಿ ಅನ್ನಿಸುತ್ತದೆ, ಮರುಕ್ಷಣವೇ ಎಕ್‌ಹಾರ್ಡ್ ಕಪ್ಪಿನ ಫೋಟೋ ಕಳಿಸಿ ಹತ್ತು ವರ್ಷ ಕೊರೆಯುವುದು ಕಣ್ಣಿಗೆ ಕಟ್ಟುತ್ತದೆ, ಸೋಲಲಿ ಅನ್ನಿಸುತ್ತದೆ. ಸೋತರೆ ನಾವು ಚಿಕ್ಕ ಕಪ್ಪಿಗೆ. ಛೆ, ಗೆಲ್ಲಲಿ. ನನ್ನ ಪಕ್ಕದಲ್ಲಿದ್ದವನಿಗೂ ಹೀಗೇ ಆಗುತ್ತಿತ್ತೋ ಏನೋ, ಚೆಂಡು ಗೋಲಿನ ಹತ್ತಿರ ಹೋದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಯಾರ ಗೋಲಾದರೂ ಸರಿ.

ಆಗ ಟಿವಿಯಲ್ಲಿ ಆ ಊರಿನ ಚೌಕವನ್ನು ತೋರಿಸಿದರು. ದೊಡ್ಡ ಪರದೆಯ ಮುಂದೆ ಸಾವಿರಾರು ಜನ ನಿಂತಿದ್ದರು. ಆ ಗುಂಪಿನ ನಡುವೆ ಒಬ್ಬನ ಎದೆಗೆ ಕಟ್ಟಿದ ಜೋಳಿಗೆಯಲ್ಲಿ ಒಂದು ಕೂಸು, ಕಿವಿಗೆ ದೊಡ್ಡ ಹಳದಿ ಮುಚ್ಚಳ, ಅಷ್ಟು ಗದ್ದಲದಲ್ಲೂ ಬಾಯಿ ತೆರೆದು ನಿದ್ದೆ. ಒಂದೆರಡು ಕ್ಷಣ ತೋರಿಸಿದರೇನೋ, ಅಷ್ಟೆ. ಹೆನ್ನರ್ ಎಂದೇ ನನಗೆ ಅನ್ನಿಸಿತು. ಅಲ್ಲ ಎಂದು ನಿನ್ನಮ್ಮ ಆಮೇಲೆ ಸಾಧಿಸಿದಳು. "ನಾಲ್ಕ್ ತಿಂಗಳ ಮಗೂನ ಆ ಹೊತ್ನಲ್ಲಿ ಯಾರ್ರೀ ಬೀದಿಗೆ ತರ್ತಾರೆ? ನಿಮಗೆ ಆ ಮಗು ಮುಖ ಫೋಟೋ ಬಿಟ್ಟು ಎಲ್ಲಿ ಗೊತ್ತು?" ಎಂದಳು. ಸರಿಯೇ. ಎಲ್ಲಿ ಗೊತ್ತು?

ಆ ಕ್ಷಣದಲ್ಲೇ ಹಳದಿಗಳ ಒಂದು ಹೊಡೆತ ಕಂಬಕ್ಕೆ ಬಡಿಯಿತು. ನಾನು ಎದ್ದು ನಿಂತು, ಕೈ ಮೇಲೆತ್ತಿ, ಗಂಟಲು ಹರಿಯುವ ಹಾಗೆ ಕೂಗಿದೆ. ಐದನೆಯ ಸ್ಥಾನ ಎಂದಲ್ಲ. ಆ ಊರಿನ ಹೆಸರನ್ನೇ ಕೂಗಿಬಿಟ್ಟೆ.

ಸ್ಪೇನಿನವರು ಚೆಂಡು ತೆಗೆದುಕೊಂಡು ಓಡುತ್ತಿದ್ದಾರೆ, ಒಬ್ಬನೂ ಅತ್ತ ನೋಡುತ್ತಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ.

"ಫ್ರೀಡ್‌ಹೆಲ್ಮ್, ಏನೋ ಅಂದೆ ಈಗ?" ಎಂದ ಉದೋ. ಸಿಟ್ಟಿರಲಿಲ್ಲ, ಯಾರೋ ಸತ್ತ ಸುದ್ದಿ ಕೇಳಿದವನ ದನಿ.

"ಬಾಯ್ ತಪ್ತು ಮಾರಾಯ."

"ಅರವತ್ತೆಂಟ್ ವರ್ಷ ತಪ್ಪದಿರೋ ಬಾಯಿ!"

"ಬಿಡೋ ಉದೋ, ಅವನ ಮೊಮ್ಮಗ ಇರೋದು ಅಲ್ಲೇ" ಎಂದಳು ಗಿಜೆಲಾ, ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದಕ್ಕೇ ಇನ್ನಷ್ಟು ನಾಚಿಕೆಯಾಯಿತು. ಎಲ್ಲರಿಗೂ ಒಂದೊಂದು ಬಿಯರ್ ಕೊಡಿಸಬೇಕೆಂದು ದಂಡ ಹಾಕಿದರು, ಕೊಡಿಸಿದೆ. ಅಷ್ಟರಲ್ಲಿ ಸ್ಪೇನಿನವರು ಒಂದು ಗೋಲು ಹೊಡೆದರು, ಸ್ವಲ್ಪ ಹೊತ್ತಿಗೆ ಇನ್ನೊಂದು.

ಆಟ ಮುಗಿದಾಗ ಹಳದಿಗಳು ಹುಲ್ಲಿನ ಮೇಲೆ ಬಿದ್ದುಕೊಂಡು ಅಳುತ್ತಿದ್ದರು. ನಮ್ಮ ಕೋಣೆಯಲ್ಲಿ ಅರ್ಧ ಜನ ಹೋ ಎಂದು ಕುಣಿದರು, ಇಷ್ಟು ವರ್ಷದ ಅಭ್ಯಾಸ ನೋಡು, ಕಾಲುಗಳು ತಾವೇ ಕುಣಿದವು. ಆಮೇಲೆ ಒಬ್ಬೊಬ್ಬರಿಗೇ ನೆನಪಾಯಿತು, ಐದನೆಯ ಸ್ಥಾನ ಹೋಯಿತು ಎಂದು. ಕುಣಿಯುತ್ತಿದ್ದವರು ನಿಂತರು. ಉದೋ ಮಫ್ಲರ್‌ನಲ್ಲಿ ಮುಖ ಒರೆಸಿಕೊಂಡು, "ಯಾರಾದ್ರೂ ಹೇಳ್ರಪ್ಪಾ, ನಾವೀಗ ಗೆದ್ವೋ, ಸೋತ್ವೋ?" ಎಂದ. ಗಿಜೆಲಾ ಬೀರುವಿನ ಬೀಗ ತೆಗೆದು ಸಾಸಿವೆ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. "ತಿನ್ನಿ ಇನ್ನ. ಎಲ್ಲಾ ಮುಗೀತು." ಯಾರೂ ಮುಟ್ಟಲಿಲ್ಲ.

ನನಗೆ ಕುಣಿತವೂ ಬರಲಿಲ್ಲ, ಸ್ಥಾನ ಹೋದ ದುಃಖವೂ ಬರಲಿಲ್ಲ. ನನಗೆ ಆ ಕೂಸಿನದೇ ಯೋಚನೆ. ಆ ಚೌಕದಲ್ಲಿ ಜನ ಚದುರುವಾಗ ನೂಕುನುಗ್ಗಲಾದರೆ? ಅದರ ಅಪ್ಪ ಅಳುತ್ತಿದ್ದರೆ, ಮಗು ಎದ್ದು ಹೆದರಿದರೆ? ಅದು ಹೆನ್ನರ್ ಅಲ್ಲದಿದ್ದರೂ ಯಾರದೋ ಮೊಮ್ಮಗು ತಾನೆ? ಹೀಗೆ ಒಂದು ಹಳದಿ ಮನೆಯ ಬಗ್ಗೆ ಕಳವಳ ಪಡುತ್ತಾ ನೀಲಿ ಮಫ್ಲರ್ ಸುತ್ತಿಕೊಂಡು ಮನೆಗೆ ನಡೆದೆ. ನಾನು ಯಾರ ಕಡೆಯವನೋ ನನಗೇ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಯೆನ್ಸ್‌ಗೆ ಸಮಾಧಾನ ಹೇಳು. ಹುಡುಗರು ಚೆನ್ನಾಗಿ ಆಡಿದರು ಎಂದು ಹೇಳು, ಯಾರು ಹೇಳಿದ್ದು ಎಂದು ಹೇಳಬೇಡ. ಹುಟ್ಟಿದ ದಿನವೇ ಮಗುವನ್ನು ಹಳದಿ ಸಂಘಕ್ಕೆ ಸೇರಿಸಿದ್ದಕ್ಕೆ ನನಗೇನೂ ಬೇಸರವಿಲ್ಲ. ನೀನು ಹುಟ್ಟಿದಾಗ ನಾನು ನಿನಗೆ ಹೆಸರಿಡುವುದಕ್ಕೂ ಮೊದಲು ನೀಲಿ ಸಂಘಕ್ಕೆ ಸೇರಿಸಿದ್ದೆ. ಮಗುವಿನ ಕಿವಿ ಬೆಚ್ಚಗಿಡು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಹೆನ್ನರ್ ಗಟ್ಟಿಮುಟ್ಟಾಗಿ ಬೆಳೆಯಲಿ, ಒಳ್ಳೆಯ ಮೊಣಕಾಲು ಸಿಗಲಿ, ಯಾವ ಬಣ್ಣ ಹಾಕಿದರೂ ಚಳಿಗಾಲದಲ್ಲಿ ಜೊತೆಗೆ ನಿಲ್ಲುವ ಸ್ನೇಹಿತರು ಸಿಗಲಿ. ನಿಮ್ಮ ಮೂವರಿಗೂ ನನ್ನ ಆಶೀರ್ವಾದ.

ನಿನ್ನ ಅಪ್ಪ,
ಫ್ರೀಡ್‌ಹೆಲ್ಮ್

ಮತ್ತೊಂದು ಮಾತು: ಕಾಗದ ಮಡಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ಮಗು ಹುಟ್ಟಿದ ಬೆಳಿಗ್ಗೆ ನೀನು ಆಸ್ಪತ್ರೆಯಿಂದ ಫೋನ್ ಮಾಡಿ, "ಅಪ್ಪಾ, ನೀನು ಬರ್ಬೇಡ, ಇಲ್ಲಿ ಗೋಡೆಯೆಲ್ಲಾ ಹಳದಿ, ಸುಮ್ನೆ ಸಂಕಟಪಡ್ತೀಯ, ಅಮ್ಮನ್ನ ಕಳ್ಸು" ಎಂದು ನಕ್ಕೆಯಲ್ಲ, ನಾನೂ "ಸರಿಯಾಗ್ ಹೇಳ್ದೆ" ಎಂದು ನಕ್ಕೆ. ಆಗ ನಾನು ಬೂಟು ಹಾಕಿಕೊಂಡು, ತಲೆ ಬಾಚಿಕೊಂಡು, ಫೋನಿನ ಪಕ್ಕದಲ್ಲೇ ನಿಂತಿದ್ದೆ. ಜೇಬಿನಲ್ಲಿ ಎರಡು ರೈಲು ಟಿಕೆಟ್ ಇತ್ತು. ಎರಡನೆಯದನ್ನು ನಾನು ಮರೆವಿನಲ್ಲಿ ಕೊಂಡೆ ಎಂದೇ ನಿನ್ನಮ್ಮ ಇವತ್ತಿಗೂ ಅಂದುಕೊಂಡಿದ್ದಾಳೆ. ಆಮೇಲೆ ನೀನು ಒಮ್ಮೆಯೂ ಕರೆಯಲಿಲ್ಲ. ಇಲ್ಲಿ ಎಲ್ಲರೂ ನನ್ನನ್ನು ಮಾತಿಗೆ ತಪ್ಪದವನು ಎಂದು ಹೊಗಳುತ್ತಾರೆ.

ಲಕೋಟೆಯ ಮೇಲೆ ನೋಡು. ಈ ಸಲ ಪಿನ್ ಕೋಡ್ ಜೊತೆಗೆ ಡಾರ್ಟ್‌ಮುಂಡ್ ಎಂದು ಪೂರ್ತಿ ಬರೆದಿದ್ದೇನೆ, ಅಕ್ಷರ ಸ್ವಲ್ಪ ಸೊಟ್ಟಗಾಗಿದೆ. ಸತ್ತರೂ ಆ ಊರಿಗೆ ಕಾಲಿಡುವುದಿಲ್ಲ ಎಂದು ನಾನು ನಿನ್ನೆದುರಿಗೆ ಸಾವಿರ ಸಲ ಹೇಳಿದ್ದು ನಿಜ, ಮಗಳೇ. ನೀನು ಅದನ್ನು ನಂಬಿಬಿಡುತ್ತೀಯ ಎಂದು ನನಗೆ ಗೊತ್ತಿರಲಿಲ್ಲ.