ನಾನು ಗುನುಗುವುದನ್ನು ನಿಲ್ಲಿಸಿದ್ದೇಕೆ

ಗುರುವಾರ, ಮಧ್ಯಾಹ್ನ

ಪುಟ್ಟೀ,

ಆಪರೇಷನ್ ಮುಂದೆ ಹೋದ ಸಿಟ್ಟಿಗೆ, ಅದೇ ಆಸ್ಪತ್ರೆಯವಳಾದ ನನ್ನ ಫೋನನ್ನೂ ಎತ್ತುವುದಿಲ್ಲವೆಂದು ಹಟ ಹಿಡಿದಿದ್ದೀಯ. ಈ ಕಾಗದವನ್ನಾದರೂ ಓದಿ ಆಮೇಲೆ ಹರಿ.

ಸ್ಕ್ಯಾನ್ ಕೋಣೆಯಲ್ಲಿ ಏನು ಕಂಡರೂ ಸ್ಕ್ಯಾನ್ ಮಾಡುವ ನಾವು ಬಾಯಿ ಬಿಡುವಂತಿಲ್ಲ. ಹೇಳುವುದು ಡಾಕ್ಟರ ಕೆಲಸ. ಆದರೆ ತಾಯಂದಿರು ಪರದೆಯನ್ನು ಬಿಟ್ಟು ನಮ್ಮ ಮುಖವನ್ನೇ ನೋಡುತ್ತಾರೆ. ಅದಕ್ಕೇ ನಾನು ಏನಾದರೂ ಗುನುಗುತ್ತಿರುತ್ತೇನೆ. ನನ್ನ ಕಂಠ ಹೇಗಿದೆಯೆಂದು ನಿನಗೆ ಗೊತ್ತು, ಆದರೂ ಮಕ್ಕಳು ಸುಮ್ಮನಾಗುತ್ತವೆ. ಮೊನ್ನೆ ನಿನ್ನ ಗುಂಡನ ಎದೆಯ ಮೇಲೆ ಸ್ಕ್ಯಾನಿನ ಪ್ರೋಬ್ ಇಟ್ಟಿದ್ದಾಗ ನನ್ನ ಗುನುಗು ನಿಂತುಹೋಯಿತು. "ಯಾಕಕ್ಕಾ ಸುಮ್ಮನಾದೆ?" ಎಂದು ನೀನು ಕೇಳಿದೆ. ಗಂಟಲು ಒಣಗಿದೆ ಎಂದೆ. ಅದು ಸುಳ್ಳು.

ಅವನ ಹೃದಯದಲ್ಲಿ ತೂತಿರುವುದು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದಾಗಿರುವುದು ನಮಗೆಲ್ಲ ಮೊದಲೇ ಗೊತ್ತಿತ್ತು. ಆಪರೇಷನ್‌ನಲ್ಲಿ ಆ ದಾರಿಯನ್ನು ಕತ್ತರಿಸಿ ಅಗಲ ಮಾಡಬೇಕಿತ್ತು. ಹಿಂದಿನ ಸ್ಕ್ಯಾನ್‌ಗಳಲ್ಲೆಲ್ಲ ಅವನು ಅತ್ತು ರಂಪ ಮಾಡಿದ್ದ. ಮೊನ್ನೆ ಹೊಟ್ಟೆತುಂಬ ಹಾಲು ಕುಡಿದು ನಿದ್ದೆ ಹೋಗಿದ್ದನಲ್ಲ, ಆಗ ಕಂಡಿತು: ಹೃದಯಕ್ಕೇ ರಕ್ತ ಕೊಡುವ ಒಂದು ನಾಳ, ಕತ್ತರಿ ಇಡಬೇಕಾದ ಜಾಗದ ಮೇಲೆಯೇ ಅಡ್ಡ ಹಾದಿದೆ. ದಾರದಷ್ಟು ಸಣ್ಣದು. ಅದು ತುಂಡಾದರೆ ಮಗು ಉಳಿಯುವುದಿಲ್ಲ.

ಇನ್ನೊಂದು ಪರೀಕ್ಷೆಯಲ್ಲೂ ಅದು ಹಾಗೆಯೇ ಇದೆಯೆಂದು ನಿನ್ನೆ ಖಚಿತವಾಯಿತು. ಈಗ ಆ ಜಾಗವನ್ನು ಮುಟ್ಟದೆ, ಪಕ್ಕದಲ್ಲಿ ಬೇರೆ ಕೊಳವೆ ಹೊಲಿದು ರಕ್ತಕ್ಕೆ ದಾರಿ ಮಾಡುತ್ತಾರೆ. ಅವನು ಬೆಳೆದಂತೆ ಕೊಳವೆ ಬದಲಿಸಬೇಕಾಗಬಹುದು. ಏನೂ ಆಗುವುದಿಲ್ಲವೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ನನಗೂ ಹೆದರಿಕೆಯಾಗಿದೆ, ಪುಟ್ಟೀ. ದಿನಕ್ಕೆ ಎಷ್ಟೋ ಮಕ್ಕಳ ಹೃದಯ ನೋಡುವವಳು ನಮ್ಮನೆಯ ಕೂಸಿನದನ್ನು ನಂಬಲಾರದೆ ಮತ್ತೆ ಮತ್ತೆ ನೋಡಿದೆ.

ಆಸ್ಪತ್ರೆಯನ್ನೇ ಬದಲಿಸುತ್ತೇನೆಂದು ನಿನ್ನ ಭಾವನ ಹತ್ತಿರ ಹೇಳಿದೆಯಂತೆ. ಬೇಡ. ಸೋಮವಾರ ಆಪರೇಷನ್‌ಗೆ ಅವನನ್ನು ಕರೆದುಕೊಂಡು ಬಾ. ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ.

ನಿನ್ನ
ಅಕ್ಕ

ಮರೆತ ಮಾತಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು: ಆಪರೇಷನ್ ನಿಲ್ಲಿಸಿ ಎಂದು ಸರ್ಜನ್ ಹತ್ತಿರ ಕೇಳಿಕೊಂಡವಳು ನಾನು. ನನಗಿದ್ದದ್ದು ಬರೀ ಅನುಮಾನ. ಖಚಿತವಾಗುವವರೆಗೆ ನಿನಗೆ ಹೇಳಬೇಡಿ ಎಂದೂ ಬೇಡಿಕೊಂಡಿದ್ದೆ. "ನಿಮಗೆ ಪುರುಸೊತ್ತಿಲ್ಲ ಅಂತ ನನ್ನ ಮಗನ ಜೀವದ ಜೊತೆ ಆಟ ಆಡ್ತೀರಾ" ಎಂದು ನೀನು ಎಲ್ಲರೆದುರು ಕೂಗಿದಾಗ ಆ ಸರ್ಜನ್ ತಲೆ ತಗ್ಗಿಸಿ ನಿಂತದ್ದು ನನಗೆ ಕೊಟ್ಟ ಮಾತಿಗಾಗಿ. ನಾನು ಬಾಗಿಲ ಹಿಂದೆಯೇ ಇದ್ದೆ. ಬೈಗುಳ ನನಗಿರಲಿ, ಮಗುವನ್ನು ಅವರ ಕೈಗೇ ಕೊಡು.