ದಿನ ಮೊದಲು, ತಿಂಗಳು ಆಮೇಲೆ

ಮೇ ೪
ಕಣ್ಣಾಸ್ಪತ್ರೆಗೆ ಮತ್ತೆ ಬರುವ ತಾರೀಖಿನ ಚೀಟಿಗಳು ಇವತ್ತಿನಿಂದ ಹೊಸ ಸಿಸ್ಟಂನಲ್ಲಿ. ಸೆಟ್ಟಿಂಗ್ಸ್‌ನಲ್ಲಿ ಭಾಷೆ ಕನ್ನಡ ಮಾಡಿದೆ. ಅದರ ಕೆಳಗೆ ‘ಪ್ರದೇಶ’ ಅಂತ ಇನ್ನೊಂದು ಸಾಲು. ಯಾವುದೋ ದೂರದ ದೇಶ ಇತ್ತು. ಮುಟ್ಟಲಿಲ್ಲ. ಅಕ್ಷರ ಕನ್ನಡದಲ್ಲಿ ಬಂತಲ್ಲ, ಸಾಕು.

ಮೇ ೬, ಮಧ್ಯಾಹ್ನ
ಕೌಂಟರಿನ ಅಕ್ಕ ಚೀಟಿಯೊಂದನ್ನು ಹಿಡಿದು ಬಂದಳು. “ಇದೇನೇ ೫/೧೪? ಹದಿನಾಲ್ಕನೇ ತಿಂಗಳು ಎಲ್ಲಿಂದ ತಂದೆ?”
“ಪ್ರಿಂಟರ್ ತೊಂದ್ರೆ ಅಕ್ಕ, ಸರಿ ಮಾಡ್ತೀನಿ.”
ಪ್ರಿಂಟರ್ ಅಲ್ಲ. ಆ ದೇಶದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಪ್ರದೇಶ ಬದಲಿಸಿದೆ — ಎರಡು ನಿಮಿಷದ ಕೆಲಸ.
ಆದರೆ ಹೊರಗೆ ಹೋದ ಚೀಟಿಗಳು? ಹನ್ನೆರಡರೊಳಗಿನ ತಾರೀಖಿನವು ಒಂಬತ್ತು. ಹೇಗೆ ಓದಿದರೂ ಸರಿ ಅನಿಸುವಂಥವು. ಫೋನ್ ಮಾಡಬೇಕು. ಮಾಡಿದರೆ ತಪ್ಪು ಯಾರದು ಅಂತ ಬರುತ್ತದೆ. ಪ್ರೊಬೇಷನ್ ಮುಗಿಯಲು ಹತ್ತೇ ದಿನ... ಅನುಮಾನ ಬಂದವರು ತಾವೇ ಕೇಳುತ್ತಾರೆ.

ಮೇ ೮
ಆಪರೇಷನ್ ಪಟ್ಟಿಯಲ್ಲಿ ಒಬ್ಬರು ಗೈರು. ಟೈಲರ್. ಫೋನ್ ಎತ್ತಿದೆ. ಇಟ್ಟೆ.

ಮೇ ೧೬
ಕೆಲಸ ಖಾಯಂ. ಅಕ್ಕನೇ ಎಲ್ಲರಿಗೂ ಚಹಾ ತರಿಸಿದಳು.

ಆಗಸ್ಟ್ ೫
ಟೈಲರ್ ಬಂದರು. ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು. ೫/೮. “ಮೂರು ತಿಂಗ್ಳು ಬಿಟ್ಟು ಬರ್ದಿದ್ರಲ್ಲ, ಅವಸರ ಏನಿಲ್ಲ ಅಂದ್ಕೊಂಡೆ.”
ಎಡಗಣ್ಣು ಹೋಗಿದೆ. ಮೇನಲ್ಲೇ ಆಪರೇಷನ್ ಆಗಿದ್ದರೆ ಉಳಿಯುತ್ತಿತ್ತು ಅಂದರು ಡಾಕ್ಟರ್.

ಆಗಸ್ಟ್ ೬
ತಾರೀಖು ತಪ್ಪು ಹಾಕಿದ್ದಾಳೆಂದು ಅಕ್ಕನಿಗೆ ನೋಟಿಸ್; ಚೀಟಿಗೆ ತಾರೀಖು ಟೈಪ್ ಮಾಡುವುದು ಅವಳೇ. “ನನ್ನ ಕೈಯೇ ತಪ್ಪಿರ್ಬೇಕು ಕಣೇ, ಅವತ್ತು ರಶ್ ಇತ್ತು,” ಅಂದಳು. ನನ್ನ ಭುಜಕ್ಕೆ ಒರಗಿ ಅತ್ತಳು. ಬೆನ್ನು ಸವರಿದೆ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ.

ಆಗಸ್ಟ್ ೯
ಸೂಪರಿಂಟೆಂಡೆಂಟ್ ಮುಂದೆ ಎಲ್ಲ ಹೇಳಿದೆ. ಫೋನ್ ಎತ್ತಿ ಇಟ್ಟಿದ್ದನ್ನೂ. ನೋಟಿಸ್ ಈಗ ನನ್ನ ಹೆಸರಿಗೆ. ಉಳಿದ ಎಂಟು ಜನರಿಗೂ ಫೋನ್ ಮಾಡಿದೆ — ಅವರೆಲ್ಲ ಆಗಲೇ ಕೇಳಿಕೊಂಡು ಬಂದು ಹೋಗಿದ್ದರು. ಅಕ್ಕ ಕುರ್ಚಿ ತಿರುಗಿಸಿಕೊಂಡು ಕೂತಳು.

ಆಗಸ್ಟ್ ೧೦, ಸಂಜೆ
ಟೈಲರ್ ಅಂಗಡಿಗೆ ಹೋದೆ. ಸೂಜಿಗೆ ದಾರ ಪೋಣಿಸಲು ನೋಡುತ್ತಿದ್ದರು. ನಿಂತೇ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಸೂಜಿ ಕೆಳಗಿಟ್ಟರು.
“ಹಂಗಾದ್ರೆ ನಾನು ಓದಿದ್ದು ತಪ್ಪಲ್ಲ?”
“ಅಲ್ಲ. ನೀವು ಸರಿಯಾಗೇ ಓದಿದ್ರಿ.”
“ಇದನ್ನ ನನ್ನ ಮಗಳಿಗೆ ಹೇಳ್ತೀಯೇನಮ್ಮ? ಚೀಟಿ ಓದಕ್ಕೂ ಬರಲ್ವಾ ಅಂತ ಅವತ್ತಿಂದ ನನ್ನ ಮೇಲೇ ಹರಿಹಾಯ್ತಿದಾಳೆ.”
ಮಗಳು ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ನನ್ನದೇ ವಯಸ್ಸು. ಸ್ಟೂಲು ಎಳೆದು ಕೊಟ್ಟಳು. ಕೂರಲಿಲ್ಲ. ನಿಮ್ಮ ಅಪ್ಪನ ತಪ್ಪು ಏನೂ ಇಲ್ಲ, ಅಂದೆ. ಮತ್ತೆ ಯಾರದು ಅಂತ ಕೇಳಿದಳು. ನನ್ನದು, ಅಂದೆ.