ಗಾಡಿಯಲ್ಲಿ ಸಿಕ್ಕಿದ ಹರಕೆಯ ಕಾಯಿ

ಕಳವಾ
7-10-2011, ಶುಕ್ರವಾರ

ರಮಿತಳ ಅಪ್ಪನವರಿಗೆ ಜಯಲತಾಳ ನಮಸ್ಕಾರ.

ಇವತ್ತು ಏಕಾದಶಿ. ಬೆಳಕು ಹರಿಯುವ ಮೊದಲೇ ನಲ್ಲಿಯಲ್ಲಿ ನೀರು ಬಂತು. ಎರಡೂ ಡ್ರಮ್ಮು ತುಂಬಿಸಿ, ತುಳಸಿಗೆ ನೀರೆರೆದು ದೀಪ ಹಚ್ಚಿ, ರಮಿತಳ ಡಬ್ಬ ಕಟ್ಟಿ ಅವಳನ್ನು ಆಫೀಸಿಗೆ ಕಳುಹಿಸಿದೆ. ನನಗೆ ಇವತ್ತು ಒಂದು ಲೋಟ ಹಾಲು ಸಾಕು. ಅಡುಗೆಯ ಕೆಲಸ ಇಲ್ಲದ ದಿನವಾದ್ದರಿಂದ ಸಮಾಧಾನದಲ್ಲಿ ಕೂತು ಬರೆಯುತ್ತಿದ್ದೇನೆ. ಫೋನ್ ಇರುವಾಗ ಇವಳಿಗೆ ಕಾಗದ ಯಾಕೆ ಎಂದು ನೀವು ಕೇಳಬಹುದು. ಫೋನಿನಲ್ಲಿ ಗಾಡಿಯ ಹೆಸರೆತ್ತಿದ ಕೂಡಲೇ ನೀವು ಇಟ್ಟುಬಿಡುತ್ತೀರಿ. ಕಾಗದವಾದರೆ ಮಡಚಿ ಬದಿಗಿಟ್ಟರೂ ಆಮೇಲೆ ತೆಗೆದು ಓದುತ್ತೀರಿ, ನಿಮ್ಮ ಗುಣ ನನಗೆ ಗೊತ್ತಿಲ್ಲವೇ?

ವಿಷಯ ಮೊದಲೇ ಹೇಳುತ್ತೇನೆ. ನಮ್ಮ ಗಾಡಿ ಓಡುತ್ತಿದೆ.

ಗುಜರಿಗೆ ಕೊಟ್ಟುಬಿಡು ಎಂದು ನೀವು ಊರಿನಿಂದ ಹೇಳಿದಾಗಲೆಲ್ಲ ನಾನು "ನೋಡುವ" ಎಂದಿದ್ದೆ. ನೋಡುತ್ತಲೇ ಇದ್ದೆ. ರೈಲ್ವೆ ಕಾರ್ ಶೆಡ್ಡಿನ ಗೋಡೆಯ ಬದಿಯಲ್ಲಿ ಅದು ಮೂರು ಮಳೆಗಾಲ ನೆನೆಯಿತು. ಹಿಂದೆ ಸಾಮಾನು ತುಂಬುವ ಡಾಲದಲ್ಲಿ ನಾಯಿ ಮರಿ ಹಾಕಿತು. ಪಕ್ಕದ ಮನೆಯ ಬಾಲಮ್ಮ ಬಾನೆಟ್ಟಿನ ಮೇಲೆ ಹಪ್ಪಳ ಒಣಗಿಸಿದಳು. ನಾನು ಮಾತ್ರ ಪ್ರತಿ ವರ್ಷ ಆಯುಧ ಪೂಜೆಯ ದಿನ ಅದರ ಮುಖ ತೊಳೆದು, ಕುಂಕುಮ ಇಟ್ಟು, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಡುತ್ತಿದ್ದೆ. ಗಾಡಿ ಮುಂದೆ ಹೋಗಬೇಕು, ಹಣ್ಣು ಒಡೆಯಬೇಕು, ಆಗ ತಾನೇ ಪೂಜೆ ಮುಗಿಯುವುದು? ಹಣ್ಣುಗಳು ಅಲ್ಲೇ ಒಣಗಿ ಕಪ್ಪಾಗುತ್ತಿದ್ದವು. "ನಿನ್ನ ಗಂಡನಿಗೂ ಇಷ್ಟು ಉಪಚಾರ ಮಾಡಲಿಲ್ಲವಲ್ಲ ಜಯಾ" ಎಂದು ಬಾಲಮ್ಮ ಆಡಿಕೊಂಡಳು. ಗಂಡ ಕೈಗೆ ಸಿಕ್ಕಿದರೆ ಮಾಡುತ್ತಿದ್ದೆ ಎಂದೆ.

ಈ ಮಳೆ ಶುರುವಾಗುವ ಮೊದಲು ಮುನಿಸಿಪಾಲಿಟಿಯವರು ಬಂದು, ತೆಗೆಯದಿದ್ದರೆ ನಾವೇ ಎಳೆದುಕೊಂಡು ಹೋಗುತ್ತೇವೆ ಎಂದು ಗಾಜಿಗೆ ಚೀಟಿ ಅಂಟಿಸಿದರು. ಆ ದಿನವೇ ಸೀದಾ ತುರ್ಭೆಗೆ ಹೋಗಿ ಬೂಬನನ್ನು ಕಂಡೆ. ಹೌದು, ನಿಮ್ಮ ಕ್ಲೀನರ್ ಬೂಬನೇ. ಬೈಪಾಸಿನ ಆ ಅಪಘಾತದ ನಂತರ ನೀವು ಅವನ ಮುಖ ನೋಡಲಾರದೆ ಊರಿಗೆ ಹೋದಿರಿ. ಅವನು ಅದರಲ್ಲಿ ಮುರಿದ ಕೈ ಕೂಡಿದ ಮೇಲೆ ಅಲ್ಲಿಯ ಒಂದು ಗ್ಯಾರೇಜಿಗೆ ಸೇರಿ ಈಗ ಒಳ್ಳೆಯ ಮೇಸ್ತ್ರಿಯಾಗಿದ್ದಾನೆ. ಕೈ ಸ್ವಲ್ಪ ಸೊಟ್ಟ, ಅಷ್ಟೇ. ನನ್ನನ್ನು ಕಂಡವನು ಮೊದಲು ಕೇಳಿದ್ದು ನಿಮ್ಮನ್ನು. "ಅಕ್ಕ, ಅಣ್ಣನಿಗೆ ಇನ್ನೂ ಸಿಟ್ಟು ಇಳಿಯಲಿಲ್ಲವಾ?" ಸಿಟ್ಟಲ್ಲ ಮಾರಾಯ, ನಾಚಿಕೆ ಎಂದೆ. ಭಾನುವಾರ ಸಾಮಾನಿನ ಚೀಲ ಹಿಡಿದುಕೊಂಡು ಬಂದ.

ಬಾನೆಟ್ ಎತ್ತಿದರೆ ಇಲಿಯ ಸಂಸಾರ. ವೈರೆಲ್ಲ ತಿಂದು ಮುಗಿಸಿದ್ದವು. ಡೀಸೆಲ್ ಟ್ಯಾಂಕಿನಿಂದ ಕೆಂಪು ಕೆಸರು ಬಂತು. ಕ್ಲಚ್ ಪ್ಲೇಟು ತುಕ್ಕು ಹಿಡಿದು ಅಂಟಿಕೊಂಡಿತ್ತು, ಟಯರೆಲ್ಲ ಬಿರುಕು ಬಿಟ್ಟಿದ್ದವು, ಗೋಡೆಗೆ ಗುದ್ದಿದ ಮುಂಭಾಗ ನೀವು ಬಿಟ್ಟುಹೋದ ಹಾಗೆಯೇ ಇತ್ತು. ಇದು ಸತ್ತೇಹೋಗಿದೆಯಲ್ಲ ಬೂಬ ಎಂದೆ. "ಸತ್ತಿಲ್ಲ ಅಕ್ಕ, ಮುನಿಸಿಕೊಂಡು ಮಲಗಿದೆ. ಅಣ್ಣನ ಹಾಗೆ" ಎಂದ. ನಾನೂ ರಮಿತಾಳೂ ನಕ್ಕೆವು. ನಿಮ್ಮ ಹೆಸರಿನಲ್ಲಿ ಈ ಮನೆಯಲ್ಲಿ ನಗು ಕೇಳಿ ಬಹಳ ಕಾಲವಾಗಿತ್ತು.

ಹಾಗೆ ಭಾನುವಾರ ಭಾನುವಾರ ಕೆಲಸ ನಡೆಯಿತು. ಬೂಬ ಗಾಡಿಯ ಅಡಿಯಲ್ಲಿ ಮಲಗಿ ಕೇಳಿದ್ದನ್ನು ನಾನು ಎತ್ತಿ ಕೊಡುತ್ತಿದ್ದೆ. ಯಾವ ಬೋಲ್ಟಿಗೆ ಎಷ್ಟು ನಂಬರಿನ ಪಾನಾ ಎಂದು ಈಗ ನೋಡಿದರೇ ಗೊತ್ತಾಗುತ್ತದೆ. ರಮಿತಾ ತುಕ್ಕು ಉಜ್ಜಿ ಉಜ್ಜಿ ಅಂಗೈ ಕೆಂಪು ಮಾಡಿಕೊಂಡಳು. ನಮ್ಮ ಹುಡುಗಿ ಬ್ಯೂಟಿ ಪಾರ್ಲರಿಗೆ ಹೋಗುವುದನ್ನು ಬಿಟ್ಟಳು ಎಂದರೆ ನೀವೇ ಯೋಚಿಸಿ.

ಇನ್ನು ನಾನು ಈ ಕಾಗದ ಬರೆಯಲು ಕಾರಣವಾದ ಸಂಗತಿ. ನಿಧಾನವಾಗಿ ಓದಿ.

ಗಣಪತಿ ಹಬ್ಬ ಕಳೆದ ನಂತರದ ಭಾನುವಾರ ಬೂಬನೂ ರಮಿತಾಳೂ ಡ್ರೈವರ್ ಸೀಟು ಕಳಚಿದರು. ಅದರ ಅಡಿಯಲ್ಲಿ, ಬ್ಯಾಟರಿ ಪೆಟ್ಟಿಗೆಯ ಹಿಂದಿನ ಮೂಲೆಯಲ್ಲಿ, ರಮಿತಳ ಕೈಗೆ ಏನೋ ಉರುಟಾದದ್ದು ಸಿಕ್ಕಿತು. "ಮಮ್ಮಿ, ಹೇ ಕಾಯ್ ಆಹೆ?" ಇದೇನೆಂದು ಮರಾಠಿಯಲ್ಲಿ ಕೇಳುತ್ತ ಹೊರಗೆ ತಂದಳು. ನೋಡಿದರೆ ಕೆಂಪು ಬಟ್ಟೆ ಸುತ್ತಿದ ತೆಂಗಿನಕಾಯಿ. ಅವಳಿಗೆ ಕಾಮಾಲೆ ಆಗಿದ್ದಾಗ ನೀವು ತಲೆಗೆ ನಿವಾಳಿಸಿ, ಊರಿನ ದೈವಕ್ಕೆಂದು ಹರಕೆ ಹೇಳಿ ತೆಗೆದಿಟ್ಟ ಕಾಯಿ! ಮನೆಯಲ್ಲಿಟ್ಟರೆ ಮರೆತುಹೋಗುತ್ತದೆ, ಕಣ್ಣೆದುರು ಇರಲಿ ಎಂದು ಸ್ಟೇರಿಂಗಿನ ಎದುರಿನ ಟ್ರೇಯಲ್ಲಿ ಇಟ್ಟುಕೊಂಡಿದ್ದಿರಿ. ಅಪಘಾತದ ದಿನ ಅದು ರಸ್ತೆಗೆ ಬಿದ್ದುಹೋಯಿತೆಂದು ನಾವೆಲ್ಲ ತಿಳಿದಿದ್ದೆವು. ಹರಕೆ ಮುಟ್ಟಿಸಲು ತಡಮಾಡಿದ್ದಕ್ಕೆ ದೈವ ಕಾಯಿಯನ್ನೂ ಕಾಲಿನ ಬಲವನ್ನೂ ಒಟ್ಟಿಗೆ ತೆಗೆದುಕೊಂಡಿತು ಎಂದು ನೀವು ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಬೂಬ ಆ ಕೆಂಪು ಬಟ್ಟೆ ಬಿಚ್ಚಿದ. ಕಾಯಿಯ ಒಂದು ಮಗ್ಗುಲಲ್ಲಿ ಚಿಪ್ಪು ಒಳಗೆ ಕುಸಿದು ಗೆರೆಯಾಗಿತ್ತು. ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಗಾಡಿಯೊಳಗೆ ಬಗ್ಗಿ ಬ್ರೇಕ್ ಪೆಡಲಿನ ಹಿಂದೆ ಹಿಡಿದ. ಪೆಡಲಿನ ಕಬ್ಬಿಣ ಆ ಗೆರೆಯೊಳಗೆ ಸರಿಯಾಗಿ ಕೂತಿತು. ಮತ್ತೆ ಅವನು ಕೈಯಲ್ಲಿ ಎಷ್ಟು ಅದುಮಿದರೂ ಪೆಡಲು ಇಳಿಯಲಿಲ್ಲ. ಅವನು ಅಲ್ಲೇ ನೆಲದಲ್ಲಿ ಕೂತು ಅಳಲು ಶುರು ಮಾಡಿದ. "ಅಕ್ಕ, ಅಣ್ಣ ಆ ದಿನ ನನ್ನ ಎದುರಿನಲ್ಲೇ ಎದ್ದು ನಿಂತು ಬ್ರೇಕ್ ಒತ್ತಿದ್ದಾರೆ. ನಾನು ಕಂಡಿದ್ದೇನೆ. ಯಾರಿಗೆ ಹೇಳಿದರೂ ನಂಬಲಿಲ್ಲ."

ನಿಮಗೆ ಅರ್ಥವಾಯಿತಲ್ಲ? ಬೈಪಾಸಿನ ಇಳಿಜಾರಿನಲ್ಲಿ ಕಾಯಿ ಟ್ರೇಯಿಂದ ಉರುಳಿ ಪೆಡಲಿನ ಹಿಂದೆ ಸಿಕ್ಕಿಕೊಂಡಿತ್ತು. ಗೋಡೆಗೆ ಗುದ್ದಿದ ಹೊಡೆತಕ್ಕೆ ಮತ್ತೆ ಉರುಳಿ ಸೀಟಿನ ಅಡಿಗೆ ಹೋಯಿತು. ಆಮೇಲೆ ಬ್ರೇಕ್ ಪರೀಕ್ಷೆ ಮಾಡಿದವರಿಗೆ ಬ್ರೇಕ್ ಸರಿಯಾಗಿಯೇ ಕಂಡಿತು. ಕುಡಿದಿದ್ದ ಎಂದು ಕೆಲವರು ಹೇಳಿದರು, ಪ್ರಾಯವಾಯಿತು ಎಂದು ಕೆಲವರು. ನೀವು ನಿಮ್ಮ ಕಾಲನ್ನೇ ನಂಬದೆ ಹೋದಿರಿ. ಗಾಡಿಯೊಳಗೆ ಮತ್ತೊಮ್ಮೆ ಹತ್ತಿದ್ದರೆ ಆಗಲೇ ಸಿಗುತ್ತಿತ್ತು. ಇರಲಿ, ಅದನ್ನು ಈಗ ಹೇಳಿ ಏನು?

ದೈವದ ಸಿಟ್ಟು ಎನ್ನಬೇಡಿ. ನಾನು ದಿನಾ ದೀಪ ಹಚ್ಚುವವಳು, ನನ್ನ ಮಾತು ಕೇಳಿ. ಮಗಳನ್ನು ಉಳಿಸಿಕೊಟ್ಟ ದೈವ ಅಪ್ಪನ ಕಾಲಿನ ಬಲ ಕಸಿಯುವುದಿಲ್ಲ. ಉರುಟಾದ ವಸ್ತುವನ್ನು ಇಳಿಜಾರಿನಲ್ಲಿ ಕಟ್ಟದೆ ಇಟ್ಟರೆ ಉರುಳುತ್ತದೆ, ಅಷ್ಟೇ. ಆ ದಿನ ನಾನು ಮನೆಗೆ ಬಂದು ದೇವರ ಎದುರು ಕೂತೆ. ಏನೂ ಬೇಡಿಕೊಳ್ಳಲಿಲ್ಲ. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿಟ್ಟ ಹಾಗಾಗಿ, ಕೂತಲ್ಲಿಯೇ ನಿದ್ದೆ ಬಂತು.

ಆಮೇಲೆ ಕೆಲಸ ಬೇಗ ಬೇಗ ಆಯಿತು. ಬ್ರೇಕಿನ ಪೈಪುಗಳನ್ನೆಲ್ಲ ಬೂಬ ಹೊಸತು ಹಾಕಿದ. ಟಯರು ಬಂತು, ಬಣ್ಣವಾಯಿತು, ಆರ್‌ಟಿಒದಲ್ಲಿ ಪಾಸಿಂಗ್ ಕೂಡ ಆಯಿತು. ಟ್ರೇಯಲ್ಲಿ ಈಗ ಒಂದು ಬೆಂಕಿಪೊಟ್ಟಣವನ್ನೂ ಇಡಲು ನಾನು ಬಿಡುವುದಿಲ್ಲ. ದೇವರ ಫೋಟೋವನ್ನೂ ಸ್ಕ್ರೂ ಹಾಕಿ ಬಿಗಿಸಿದ್ದೇವೆ.

ಮೊನ್ನೆ ಬುಧವಾರ ಆಯುಧ ಪೂಜೆ. ನಾಲ್ಕು ನಿಂಬೆಹಣ್ಣು ಇಟ್ಟೆ. ಬೂಬ ಕೀ ತಿರುಗಿಸಿದ. ಎರಡು ಸಲ ಕೆಮ್ಮಿ, ಕಪ್ಪು ಹೊಗೆ ಬಿಟ್ಟು, ನಿಮಗೆ ಗೊತ್ತಿರುವ ಅದೇ ಸ್ವರದಲ್ಲಿ ಎದ್ದಿತು. ಚಕ್ರ ಮುಂದೆ ಹೋಯಿತು. ನಾಲ್ಕು ಹಣ್ಣೂ ಒಡೆದವು. ನಿಂಬೆಯ ಪರಿಮಳ ನಮ್ಮ ಗಲ್ಲಿಯಲ್ಲೆಲ್ಲ ತುಂಬಿತು. ಬಾಲಮ್ಮ, ಇನ್ನು ನನ್ನ ಹಪ್ಪಳ ಎಲ್ಲಿ ಒಣಗಿಸಲಿ ಎನ್ನುತ್ತಲೇ ಮೊದಲ ಆರತಿ ಎತ್ತಿದಳು.

ಠಾಕುರ್ಲಿಯ ಹೋಟೆಲಿನ ಲೋಕನಾಥಣ್ಣನಿಗೆ ತುರ್ಭೆ ಮಾರ್ಕೆಟಿನಿಂದ ದಿನಾ ತರಕಾರಿ ತರುವ ಗಾಡಿ ಬೇಕಂತೆ. ಹದಿನೇಳನೇ ತಾರೀಕು ಸೋಮವಾರದಿಂದ ನಮ್ಮದೇ ಗಾಡಿ. ಡ್ರೈವರ್ ಯಾರು ಎಂದು ಅವರು ಕೇಳಿದರು. ಮುಂಡಪ್ಪ ಎಂದು ನಿಮ್ಮ ಹೆಸರು ಕೊಟ್ಟೆ. "ಹಾಗಾದರೆ ಬೇರೆ ಮಾತೇ ಇಲ್ಲ" ಎಂದರು. ನಿಮ್ಮನ್ನು ಕೇಳದೆ ಹೇಳಿದೆ, ಬಯ್ಯುವುದಾದರೆ ಇಲ್ಲಿಗೆ ಬಂದು ಬಯ್ಯಿರಿ.

ಈ ಕಾಗದದ ಜೊತೆ ಆ ಕಾಯಿಯನ್ನೂ ಬಸ್ಸಿನಲ್ಲಿ ಕಳುಹಿಸುತ್ತಿದ್ದೇನೆ. ಆ ಗೆರೆಯನ್ನು ನಿಮ್ಮ ಕೈಯಿಂದಲೇ ಮುಟ್ಟಿ ನೋಡಿ. ಚಿಪ್ಪು ಕುಸಿದದ್ದನ್ನು ದೈವಕ್ಕೆ ಕೊಡಬಾರದು, ಹೊಳೆಗೆ ಬಿಟ್ಟು ಹೊಸ ಕಾಯಿ ಒಪ್ಪಿಸಲಿ ಎಂದು ಸಂಕರ್ಷಣ ಭಟ್ಟರು ಹೇಳಿದ್ದಾರೆ. ರಮಿತಳ ಹೆಸರು ಹೇಳಿ ಒಪ್ಪಿಸಿ. ಆಮೇಲೆ ನಿಮ್ಮ ಮನಸ್ಸಿನಲ್ಲಿರುವುದನ್ನು ಬರೆದು, ಹದಿನೈದನೇ ತಾರೀಕು ಶನಿವಾರ ಕಿನ್ನಿಗೋಳಿಯಿಂದ ಹೊರಡುವ ಮುಂಬಯಿ ಬಸ್ಸಿನ ಕ್ಲೀನರನ ಕೈಯಲ್ಲಿ ಕೊಡಿ. ಭಾನುವಾರ ಬೆಳಿಗ್ಗೆ ಬಸ್ಸು ನಿಲ್ಲುವ ಕಳಂಬೋಲಿಗೆ ಹೋಗಿ ಉತ್ತರ ತರಲು ಬೂಬನಿಗೆ ಹೇಳಿದ್ದೇನೆ.

ನಿಮ್ಮ
ಜಯಲತಾ

ಮರೆತ ಮಾತು: ಬೂಬ ನಮ್ಮ ಗಾಡಿಯಲ್ಲೇ ಬರುತ್ತಾನೆ. ಕಳಂಬೋಲಿಯ ತನಕ ಓಡಿಸುತ್ತಾನಂತೆ, ಮನೆಗೆ ಮರಳುವ ದಾರಿಯ ಆ ಬೈಪಾಸಿನ ಇಳಿಜಾರಿನಲ್ಲಿ ಮಾತ್ರ ಸ್ಟೇರಿಂಗ್ ಮುಟ್ಟುವುದಿಲ್ಲವಂತೆ. ಅದು ಅಣ್ಣನ ಇಳಿಜಾರು, ಅಣ್ಣನೇ ಇಳಿಸಬೇಕು ಎನ್ನುತ್ತಾನೆ. ಆದ್ದರಿಂದ ಬಸ್ಸಿನಿಂದ ಬರೀ ಕಾಗದ ಇಳಿದರೆ ಗಾಡಿ ಅಲ್ಲಿಯೇ ನಿಲ್ಲುತ್ತದೆ. ನಾನೂ ಅದರೊಳಗೆ ಕೂತಿರುತ್ತೇನೆ.